ಪರದೆಗೆ ಬಂದ ಕಂಪ್ಯೂಟರ್ ಪತ್ರಿಕೆ: ಇನ್ನೂ ಓದಬೇಕೆ?



ಬೆಳಗಿನ ಹೊತ್ತು ಮಾರಿಕುಪ್ಪಂನಿಂದ ಹೊರಡುವ ರೈಲು ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆ ಸೇರುವಷ್ಟರಲ್ಲಿ ಕೂರುವ ಮಾತಿರಲಿ, ಕಂಬಿ ಹಿಡಿದು ನಿಲ್ಲಲು ಎಡೆ ಸಿಕ್ಕರೆ ಅದೇ ದೊಡ್ಡದು. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಈ ಭಾಗದ ಎಷ್ಟೋ ಮನೆಗಳ ಹೊಟ್ಟೆಪಾಡು ಆ ರೈಲಿನ ಮೇಲೆ ನಿಂತಿದೆ. ಸೀಜನ್ ಪಾಸಿನವರು ಒಂದು ಕಾಲದಲ್ಲಿ ದಿನಪತ್ರಿಕೆಯ ಹಾಳೆಗಳನ್ನು ಬಿಡಿಸಿ ನಾಲ್ಕು ಜನ ಹಂಚಿಕೊಂಡು ಓದುತ್ತಿದ್ದರು. ಈಗ ಎಲ್ಲರ ಕೈಯಲ್ಲೂ ಫೋನು.

ಆ ಬೋಗಿಯಲ್ಲಿ ನಿಂತ, ಕಂಪ್ಯೂಟರ್ ಕೆಲಸವನ್ನೇ ನೆಚ್ಚಿಕೊಂಡ ಒಬ್ಬ ಹುಡುಗನಿಗೆ, '1996ರ ಕಂಪ್ಯೂಟರ್ ಪತ್ರಿಕೆಯ ಪುಟಗಳು ಫೋನಿನಲ್ಲೇ ಸಿಗುತ್ತವೆ, ಓದಿ ನೋಡಪ್ಪ' ಎಂದು ಯಾರಾದರೂ ಹೇಳಿದರೆ ಅವನು ಏನನ್ನುತ್ತಾನೆ? 'ಹಳೇ ಪಂಚಾಂಗ ಇಟ್ಟುಕೊಂಡು ಏನು ಮಾಡೋದು ಸಾರ್?' ಎಂದು ನಗುತ್ತಾನೆ.

ಅವನು ಹೇಳುವುದರಲ್ಲಿ ತಪ್ಪಿಲ್ಲ. ಕಂಪ್ಯೂಟರ್ ಪತ್ರಿಕೆಯಷ್ಟು ಬೇಗ ಹಳಸುವ ಪತ್ರಿಕೆ ಬೇರೊಂದಿಲ್ಲ. ಕತೆ ಹಳೆಯದಾದರೂ ಕತೆಯೇ. ಅಡುಗೆಯ ಅಂಕಣ ಮೂವತ್ತು ವರ್ಷದ ನಂತರವೂ ಒಲೆಯ ಮುಂದೆ ಉಪಯೋಗಕ್ಕೆ ಬರುತ್ತದೆ. ಆದರೆ '16 ಎಂಬಿ ಮೆಮೊರಿ ಸಾಕೇ?' ಎಂಬ ಲೇಖನವನ್ನು ಇಂದು ಯಾರು ಓದಬೇಕು? ಹಾಗಿದ್ದರೂ ಈ ಪತ್ರಿಕೆಗಳನ್ನು ಪುಟ ಪುಟವಾಗಿ ಸ್ಕ್ಯಾನ್ ಮಾಡಿ ಕಾಪಾಡುವವರು ಪ್ರಪಂಚದ ಹಲವೆಡೆ ಇದ್ದಾರೆ, ಅವನ್ನು ಬಿಡದೆ ಓದುವವರೂ ಇದ್ದಾರೆ. ಹಳೆಯ ಪಂಚಾಂಗದಿಂದ ಈ ವರ್ಷದ ಮುಹೂರ್ತ ತೆಗೆಯಲು ಬರುವುದಿಲ್ಲ ನಿಜ. ಆದರೆ ಅಜ್ಜನ ಕಾಲದ ಪತ್ರದಲ್ಲಿ ಬರೀ ಸಂವತ್ಸರ, ಮಾಸ, ತಿಥಿ ಇದ್ದರೆ ಅದು ಯಾವ ಇಸವಿ, ಯಾವ ದಿನ ಎಂದು ಹೇಳುವುದು ಆ ಹಳೆಯ ಪಂಚಾಂಗವೇ.

ಹೊಸ ಸಂಚಿಕೆಗಳ ವಿಷಯವನ್ನು ಮೊದಲು ಮುಗಿಸೋಣ, ಏಕೆಂದರೆ ಅದರಲ್ಲಿ ಹೇಳುವುದು ಕಡಿಮೆ. ಮುದ್ರಣದ ಕಾಲ ಬಹುಪಾಲು ಮುಗಿಯಿತು. ಅಮೆರಿಕದ 'ಬೈಟ್' 1998ರಲ್ಲಿ ನಿಂತಿತು. 'ಪಿಸಿ ಮ್ಯಾಗಜೀನ್' 2009ರಲ್ಲಿ, 'ಪಿಸಿ ವರ್ಲ್ಡ್' 2013ರಲ್ಲಿ ಕಾಗದವನ್ನು ಬಿಟ್ಟವು. 2023ರ ಏಪ್ರಿಲ್‌ನಲ್ಲಿ 'ಮ್ಯಾಕ್ಸಿಮಮ್ ಪಿಸಿ' ಮತ್ತು 'ಮ್ಯಾಕ್ ಲೈಫ್' ಮುದ್ರಣ ನಿಲ್ಲಿಸಿದಾಗ, ಅಮೆರಿಕದಲ್ಲಿ ಈ ಬಗೆಯ ಪತ್ರಿಕೆಗಳ ಕಾಲವೇ ಮುಗಿಯಿತೆಂದು ಆ ರಂಗದ ಹಿರಿಯ ಪತ್ರಕರ್ತರು ಬರೆದರು. ನಮ್ಮ ದೇಶದಲ್ಲಿ 1982ರಲ್ಲಿ 'ಡೇಟಾಕ್ವೆಸ್ಟ್', 1987ರಲ್ಲಿ 'ಪಿಸಿಕ್ವೆಸ್ಟ್', 2001ರಲ್ಲಿ 'ಡಿಜಿಟ್' ಬಂದವು. 2003ರಲ್ಲಿ ಶುರುವಾದ 'ಲಿನಕ್ಸ್ ಫಾರ್ ಯು' 2012ರಲ್ಲಿ 'ಓಪನ್ ಸೋರ್ಸ್ ಫಾರ್ ಯು' ಎಂದು ಹೆಸರು ಬದಲಿಸಿತು. ಎದುರು ದಿಕ್ಕಿನಲ್ಲಿ ನಡೆದ ಉದಾಹರಣೆಯೂ ಒಂದಿದೆ. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನ ಅಭಿಮಾನಿಗಳು 2012ರಲ್ಲಿ 'ಮ್ಯಾಗ್‌ಪೈ' ಎಂಬ ಪತ್ರಿಕೆಯನ್ನು ಮೊದಲು ಬರೀ ಪಿಡಿಎಫ್ ಆಗಿ ಹೊರತಂದರು. ಕಾಗದದ ಸಂಚಿಕೆ ಆಮೇಲೆ ಬಂತು.

ಸುದ್ದಿಗಾಗಿ, ಬೆಲೆಗಾಗಿ, 'ಯಾವ ಫೋನ್ ಕೊಳ್ಳಲಿ?' ಎಂಬ ಪ್ರಶ್ನೆಗಾಗಿ ಇಂದು ಡಿಜಿಟಲ್ ಸಂಚಿಕೆಗೆ ದುಡ್ಡು ಕೊಡಬೇಕಾಗಿಲ್ಲ. ಪತ್ರಿಕೆಯ ಪುಟ ಸಿದ್ಧವಾಗುವ ಮೊದಲೇ ಆ ಮಾಹಿತಿ ಫೋನಿಗೆ ಬಂದಿರುತ್ತದೆ. ಆದರೆ ಪತ್ರಿಕೆ ಇನ್ನೊಂದು ಕೆಲಸ ಮಾಡುತ್ತಿತ್ತು. ಕಲಿಯುವವನಿಗೆ ಏನು ಕೇಳಬೇಕೆಂದೇ ಗೊತ್ತಿರುವುದಿಲ್ಲ. ಹುಡುಕುವ ಪೆಟ್ಟಿಗೆಯಲ್ಲಿ ಏನನ್ನಾದರೂ ಬರೆಯಬೇಕಾದರೆ ಆ ವಿಷಯದ ಹೆಸರಾದರೂ ತಿಳಿದಿರಬೇಕಲ್ಲ! ಇದನ್ನು ಮೊದಲು ತಿಳಿ, ಇದನ್ನು ಆಮೇಲೆ, ಇದು ಈಗ ನಿನಗೆ ಬೇಡ ಎಂದು ಒಬ್ಬ ಸಂಪಾದಕ ಕುಳಿತು ನೂರು ಪುಟಗಳಲ್ಲಿ ಜೋಡಿಸಿಕೊಡುತ್ತಿದ್ದ. ಆ ಜೋಡಣೆ ಇರುವ ಪತ್ರಿಕೆ ಪರದೆಯ ಮೇಲಿದ್ದರೂ ಓದಲು ಯೋಗ್ಯ. ಬಿಡಿ ಲೇಖನಗಳನ್ನು ರಾಶಿ ಹಾಕಿ ಮೇಲೊಂದು ಮುಖಪುಟ ಅಂಟಿಸಿದ್ದಾದರೆ ಅದಕ್ಕೆ ಚಂದಾ ಕಟ್ಟುವುದು ದಂಡ.

ಹಳೆಯ ಸಂಚಿಕೆಗಳ ವಿಷಯ ಬೇರೆ. ಅಲ್ಲಿ ಸರಕು ಹೆಚ್ಚಿದೆ.

'ಬೈಟ್' 1975ರ ಸೆಪ್ಟೆಂಬರ್‌ನಲ್ಲಿ ಹುಟ್ಟಿತು. ಅದರ ಉತ್ತುಂಗದ ದಿನಗಳಲ್ಲಿ ಒಂದೊಂದು ಸಂಚಿಕೆ 500 ಪುಟ ಮೀರುತ್ತಿತ್ತು. ದಿಂಬಿನ ಬದಲು ತಲೆಗಿಟ್ಟುಕೊಳ್ಳಬಹುದಾದಷ್ಟು ದಪ್ಪ. ಇಂದು ಅದರ ಸಂಚಿಕೆಗಳು ಸ್ಯಾನ್ ಫ್ರಾನ್ಸಿಸ್ಕೊದ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಪುಟದ ಚಿತ್ರಗಳಾಗಿ ಸಿಗುತ್ತವೆ. ಅವನ್ನು ತಿರುವುವವರು ಮೊದಲು ನಿಲ್ಲುವುದು ಲೇಖನದ ಮುಂದಲ್ಲ, ಜಾಹೀರಾತಿನ ಮುಂದೆ. ಇಂತಿಷ್ಟು ಮೆಮೊರಿಗೆ ಇಂತಿಷ್ಟು ಡಾಲರು, ಮೋಡೆಮ್ಮಿಗೆ ಇಷ್ಟು, ಮುದ್ರಣಯಂತ್ರಕ್ಕೆ ಇಷ್ಟು ಎಂದು ಸಣ್ಣ ಅಕ್ಷರಗಳಲ್ಲಿ ತುಂಬಿದ ಆ ಪಟ್ಟಿಗಳನ್ನು ಅಂದು ಓದುಗರು ಬೈದುಕೊಂಡೇ ತಿರುವಿಹಾಕುತ್ತಿದ್ದರು. ಈಗ ಅವು ದಾಖಲೆ. ಯಾವ ವರ್ಷ ಯಾವ ಯಂತ್ರ ಯಾರ ಕೈಗೆಟುಕುತ್ತಿತ್ತು ಎಂಬುದು ಕಂಪ್ಯೂಟರಿನ ಇತಿಹಾಸ ಬರೆದ ಪುಸ್ತಕಗಳಲ್ಲಿ ಇರುವುದಿಲ್ಲ. ಅಲ್ಲಿ ಗೆದ್ದವರ ಕತೆಗಳಷ್ಟೇ. ನೆಲಕಚ್ಚಿದ ಕಂಪೆನಿ, ಮಾರಾಟವಾಗದ ಯಂತ್ರ, 'ಇನ್ನು ಐದು ವರ್ಷಗಳಲ್ಲಿ ಎಲ್ಲರೂ ಇದನ್ನೇ ಬಳಸುತ್ತಾರೆ' ಎಂದು ಆಣೆ ಮಾಡಿ ಸುಳ್ಳಾದ ಲೇಖಕ, ಇವರೆಲ್ಲ ಸಿಗುವುದು ಪತ್ರಿಕೆಯ ಪುಟಗಳಲ್ಲಿ. ಇಂದು ಕೃತಕ ಬುದ್ಧಿಮತ್ತೆಯ ಬಗ್ಗೆ ಹೊರಡುವ ಘೋಷಣೆಗಳನ್ನು ಕೇಳುವವರು 1980ರ ದಶಕದ ಸಂಚಿಕೆಗಳಲ್ಲಿ ಅದೇ ವಿಷಯಕ್ಕೆ ಎಷ್ಟು ಪುಟ ಮೀಸಲಾಗಿತ್ತೆಂದು ನೋಡಿದರೆ ಸ್ವಲ್ಪ ಸಮಾಧಾನ ಬರುತ್ತದೆ.

ಇನ್ನೊಂದು ಸರಕು ಪ್ರೋಗ್ರಾಮುಗಳದು. ಆ ದಿನಗಳಲ್ಲಿ ಪತ್ರಿಕೆಗಳು ಬೇಸಿಕ್ ಭಾಷೆಯ ಪ್ರೋಗ್ರಾಮನ್ನು ಸಾಲು ಸಾಲಾಗಿ ಅಚ್ಚು ಹಾಕುತ್ತಿದ್ದವು. ಓದುಗ ಅದನ್ನು ನೋಡಿಕೊಂಡು ಟೈಪು ಮಾಡಬೇಕು. ಒಂದು ಅಲ್ಪವಿರಾಮ ತಪ್ಪಿದರೆ ಯಂತ್ರ ಮುಷ್ಕರ ಹೂಡುತ್ತಿತ್ತು. ತಪ್ಪು ತನ್ನದೋ ಅಚ್ಚಿನದೋ ಎಂದು ಹುಡುಕುತ್ತಾ ರಾತ್ರಿ ಕಳೆಯುತ್ತಿತ್ತು. ಮುಂದಿನ ಸಂಚಿಕೆಯಲ್ಲಿ 'ತಿದ್ದುಪಡಿ' ಬರುತ್ತಿತ್ತು. ಹಾಗೆ ತಪ್ಪು ಹುಡುಕುತ್ತಲೇ ಒಂದು ಪೀಳಿಗೆ ಪ್ರೋಗ್ರಾಮಿಂಗ್ ಕಲಿಯಿತು. ಆ ಪುಟಗಳು ಈಗ ಸ್ಕ್ಯಾನ್ ಆಗಿವೆ, ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶಗಳೂ ಇವೆ. ಮನಸ್ಸಿದ್ದವರು ಇಂದಿಗೂ ಟೈಪು ಮಾಡಿ ಓಡಿಸಬಹುದು. ಚಿತ್ರದಿಂದ ಅಕ್ಷರ ತೆಗೆಯುವ ತಂತ್ರಾಂಶಕ್ಕೆ ಆ ಕೆಲಸ ಒಪ್ಪಿಸಿದರೆ ಮಾತ್ರ ಅದು ಸೊನ್ನೆಯನ್ನು 'ಓ' ಎಂದೂ, ಒಂದನ್ನು 'ಎಲ್' ಎಂದೂ ಓದಿ ಹಳೆಯ ಗೋಳನ್ನೇ ಮರಳಿ ತರುತ್ತದೆ!

ಪುಟದ ಚಿತ್ರದಲ್ಲಿ ಬಾರದೆ ಉಳಿಯುವುದೂ ಒಂದಿದೆ. ಅದನ್ನು ಅರಿಯಲು ಬೆಂಗಳೂರಿನ ಕತೆಯೊಂದನ್ನು ನೆನೆಯಬೇಕು.

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ದೇಶದ ಸಾರ್ವಜನಿಕರಿಗೆ ಇಂಟರ್‌ನೆಟ್ ಸಂಪರ್ಕ ಕೊಡತೊಡಗಿತು, ಅದೂ ಮೊದಲಿಗೆ ಕೆಲವು ಮಹಾನಗರಗಳಲ್ಲಿ. ಸಾಮಾನ್ಯರಿಗೆ ದೊರೆತ ಸಂಪರ್ಕದ ವೇಗ ಸೆಕೆಂಡಿಗೆ 9.6 ಕಿಲೋಬಿಟ್. ಒಂದು ಸಿ.ಡಿ.ಯಲ್ಲಿ ಹಿಡಿಸುವ 650 ಎಂಬಿ ಮಾಹಿತಿಯನ್ನು ಆ ವೇಗದಲ್ಲಿ ಇಳಿಸಿಕೊಳ್ಳಲು ಎಷ್ಟು ಹೊತ್ತು ಬೇಕೆಂದು ಲೆಕ್ಕ ಹಾಕಿ ನೋಡಿ: ಸಾಲು ಒಮ್ಮೆಯೂ ಕಡಿಯದೆ, ಹಗಲೂ ರಾತ್ರಿ, ಆರು ದಿನಗಳಿಗಿಂತ ಹೆಚ್ಚು. ಸ್ಥಳೀಯ ಸಂಪರ್ಕವಿಲ್ಲದ ಊರಿನವರು ಅಷ್ಟೂ ಹೊತ್ತು ಎಸ್‌ಟಿಡಿ ಕರೆಯ ಮೀಟರು ಓಡಿಸಬೇಕು. ಅಂದರೆ ಅದು ಆಗದ ಮಾತು. ಇಂಥ ಕಾಲದಲ್ಲಿ, 1996ರಲ್ಲಿ, 'ಪಿಸಿಕ್ವೆಸ್ಟ್' ಪತ್ರಿಕೆ ತನ್ನ ಸಂಚಿಕೆಯ ಜೊತೆಗೆ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ ಇದ್ದ ಸಿ.ಡಿ. ಕೊಟ್ಟಿತು. ಅದರ ಹಿಂದೆ ದುಡಿದವರಲ್ಲಿ ಮುಖ್ಯರು ಬೆಂಗಳೂರಿನ ಅತುಲ್ ಚಿಟ್ನಿಸ್. ಪತ್ರಿಕೆಯ ಸಂಪಾದಕೀಯ ಬಳಗಕ್ಕೆ ಸಲಹೆಗಾರರಾಗಿದ್ದ ಅವರು ಮುಂದೆ ಬೆಂಗಳೂರಿನ ಲಿನಕ್ಸ್ ಸಮ್ಮೇಳನಗಳಿಗೂ ಬೆನ್ನೆಲುಬಾದರು. 2013ರಲ್ಲಿ ತೀರಿಕೊಂಡರು.

ಆ ಸಿ.ಡಿ.ಯ ಬೆಲೆಯನ್ನು ಇಂದಿನವರಿಗೆ ತಿಳಿಸಿ ಹೇಳುವುದು ಕಷ್ಟ. ಪರವಾನಗಿಯ ತಂತ್ರಾಂಶ ಕೊಳ್ಳಲು ದುಡ್ಡಿಲ್ಲದ, ಕದ್ದ ನಕಲು ಬಳಸಲು ಮನಸ್ಸಿಲ್ಲದ ವಿದ್ಯಾರ್ಥಿಗೆ ಒಂದು ಪತ್ರಿಕೆಯ ಬೆಲೆಯಲ್ಲಿ ಇಡೀ ವ್ಯವಸ್ಥೆ, ಅದರ ಮೂಲ ಸಂಕೇತಗಳೊಂದಿಗೆ, ಕೈಗೆ ಬಂತು. ಮಹಾನಗರದಲ್ಲಿದ್ದವನಿಗೂ ಸಣ್ಣ ಊರಿನವನಿಗೂ ಅದು ಒಂದೇ ದಿನ, ಒಂದೇ ಬೆಲೆಗೆ. ಇಂಟರ್‌ನೆಟ್ ಬಾರದ ಊರಿಗೆ ಇಂಟರ್‌ನೆಟ್ಟಿನ ಸರಕನ್ನು ಅಂಚೆಯಲ್ಲಿ ತಂದುಕೊಟ್ಟ ಕೆಲಸ ಅದು. ಈಗ ಆ ಸಂಚಿಕೆಯ ಪುಟಗಳನ್ನಷ್ಟೇ ಸ್ಕ್ಯಾನ್ ಮಾಡಿಟ್ಟರೆ ಏನುಳಿಯಿತು? 'ಜೊತೆಯಲ್ಲಿರುವ ಸಿ.ಡಿ. ನೋಡಿ' ಎಂಬ ಸಾಲು ಉಳಿಯಿತು, ಸಿ.ಡಿ. ಹೋಯಿತು. ಲೇಖನಗಳಲ್ಲಿ ಅರ್ಧದಷ್ಟು ಆ ತಟ್ಟೆಯನ್ನೇ ಕುರಿತು ಮಾತಾಡುತ್ತವೆ. ಪುಸ್ತಕ ಕಾಪಾಡುವವರು ಕಾಗದಕ್ಕೆ ಕೊಟ್ಟ ಗಮನವನ್ನು ಮುಖಪುಟಕ್ಕೆ ಅಂಟಿಸಿದ ಪ್ಲಾಸ್ಟಿಕ್ ಲಕೋಟೆಗೆ ಕೊಡಲಿಲ್ಲ. ಸಿ.ಡಿ.ಯೂ ಚಿರಂಜೀವಿಯಲ್ಲ, ಸೆಕೆಯಲ್ಲಿ, ತೇವದಲ್ಲಿ ಅದರ ಪದರ ಕೆಡುತ್ತದೆ. ಬೀರುವಿನಲ್ಲಿಟ್ಟ ಕಾಗದ ನೂರು ವರ್ಷ ಬಾಳುತ್ತದೆ, ಅದರ ಜೊತೆ ಬಂದ ಡಿಜಿಟಲ್ ತಟ್ಟೆ ಇಪ್ಪತ್ತೈದು ವರ್ಷಕ್ಕೇ ಮೂಕವಾಗಬಹುದು.

ತಾಂತ್ರಿಕ ಪತ್ರಿಕೆಯ ಹಳೆಯ ಸಂಚಿಕೆಗೆ ಬೆಲೆಯಿದೆಯೇ ಎಂಬ ಪ್ರಶ್ನೆ ಕೆಜಿಎಫ್‌ಗೆ ಹೊಸದಲ್ಲ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬರುವ ಮೊದಲೇ, 1902ರಲ್ಲಿ, ಶಿವನಸಮುದ್ರದಿಂದ ವಿದ್ಯುತ್ ಪಡೆದ ಊರು ಇದು. ಇಲ್ಲಿನ ಎಂಜಿನಿಯರುಗಳು ಕೋಲಾರ್ ಗೋಲ್ಡ್ ಫೀಲ್ಡ್ ಮೈನಿಂಗ್ ಅಂಡ್ ಮೆಟಲರ್ಜಿಕಲ್ ಸೊಸೈಟಿ ಎಂಬ ಸಂಘ ಕಟ್ಟಿಕೊಂಡು ಅದರದೇ ಬುಲೆಟಿನ್ ಹೊರಡಿಸುತ್ತಿದ್ದರು. ಆಳದ ಗಣಿಯಲ್ಲಿ ಒತ್ತಡ ತಾಳಲಾರದೆ ಬಂಡೆ ತಾನಾಗಿ ಸಿಡಿಯುವ 'ರಾಕ್‌ಬರ್ಸ್ಟ್' ಇಲ್ಲಿನವರ ನಿತ್ಯದ ಭಯವಾಗಿತ್ತು. ಅದರ ಬಗ್ಗೆ ಅಳೆದು, ಎಣಿಸಿ, ವಾದಿಸಿ ಬರೆದದ್ದು ಇಂಥ ಪತ್ರಿಕೆಗಳಲ್ಲೇ. ಅದರಲ್ಲಿ ಬಂದ ಯಂತ್ರಗಳ ಜಾಹೀರಾತು, ಸಲಕರಣೆಗಳ ಹೊಗಳಿಕೆ ಅಂದೇ ಹಳತಾಯಿತು. ಅಳತೆಗಳು ಮಾತ್ರ ಹಳತಾಗಲಿಲ್ಲ. ಭಾಭಾ ಅಣು ಸಂಶೋಧನಾ ಕೇಂದ್ರದ ನೆರವಿನಿಂದ 1978ರಲ್ಲಿ ಇಲ್ಲಿ ಭೂಕಂಪನ ಮಾಪಕಗಳ ಜಾಲ ಕೂತು ಬಂಡೆ ಸಿಡಿದ ಸ್ಥಳವನ್ನು ಗುರುತಿಸುವ ಕೆಲಸ ನಡೆಯಿತು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಇಲ್ಲೇ ಹುಟ್ಟಿತು. ಈಗ ಆ ಗಣಿಗಳೊಳಗೆ ಇಳಿಯುವ ದಾರಿಯಿಲ್ಲ, ನೀರು ತುಂಬಿದೆ. ಕೆಳಗೆ ಏನಿತ್ತು ಎಂದು ತಿಳಿಯಬೇಕಾದವರು ಹಳೆಯ ಕಾಗದವನ್ನೇ ಕೇಳಬೇಕು.

ಆದರೆ ಆ ಕಾಗದ ಪರದೆಗೆ ಬಂದಾಗ ಒಂದು ತಮಾಷೆ ನಡೆಯುತ್ತದೆ. ಡಿಜಿಟಲ್ ಸಂಗ್ರಹದಲ್ಲಿ ಇಂಗ್ಲಿಷಿನಲ್ಲೇ 'ನಂದಿದುರ್ಗ' ಎಂದು ಇಂದಿನ ಕಾಗುಣಿತದಲ್ಲಿ ಹುಡುಕುವವರಿಗೆ ಗಣಿಯ ಕಾಲದ ಕಾಗದಗಳು ಸುಲಭಕ್ಕೆ ಸಿಗುವುದಿಲ್ಲ. ಏಕೆಂದರೆ ಬ್ರಿಟಿಷರ ಕಾಲದ ದಾಖಲೆಗಳಲ್ಲಿ ನಂದಿಯ ಕೋಟೆಯ ಹೆಸರನ್ನು ಹೊತ್ತ ಈ ಗಣಿ 'ನಂಡಿಡ್ರೂಗ್'. ಊರಿಗಾಂ ಅಲ್ಲಿ 'ಊರ್ಗಾಮ್'. ಬಂಗಾರಪೇಟೆಯಂತೂ ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ಹೆಸರಿನಲ್ಲಿ 'ಬೌರಿಂಗ್‌ಪೇಟ್'. ಕೈಯಲ್ಲಿ ಪುಸ್ತಕ ಹಿಡಿದು ಹಾಳೆ ತಿರುವಿದರೆ ಕಣ್ಣು 'ಓಹೋ, ಇದು ನಮ್ಮ ನಂದಿದುರ್ಗ' ಎಂದು ಗುರುತಿಸುತ್ತದೆ. ಯಂತ್ರ ತಾನಾಗಿ ಅದನ್ನು ಮಾಡುವುದಿಲ್ಲ. ಅದು ಅಕ್ಷರಕ್ಕೆ ಅಕ್ಷರ ತಾಳೆ ನೋಡಿ 'ಏನೂ ಸಿಗಲಿಲ್ಲ' ಎನ್ನುತ್ತದೆ. ಇರುವುದನ್ನೇ ಇಲ್ಲ ಎಂದು ಅಷ್ಟು ಧೈರ್ಯವಾಗಿ ಹೇಳಿದರೆ ಹೊಸಬ ನಂಬಿಬಿಡುತ್ತಾನೆ.

ಕನ್ನಡದಲ್ಲಿ ಬಂದ ಕಂಪ್ಯೂಟರ್ ಬರಹಗಳ ಪಾಡು ಇನ್ನೂ ವಿಚಿತ್ರ. ಕನ್ನಡಿಗರು ಕಂಪ್ಯೂಟರನ್ನು ಕನ್ನಡದಲ್ಲಿ ಓದಿ ತಿಳಿದದ್ದು ಬಹುಮಟ್ಟಿಗೆ ದಿನಪತ್ರಿಕೆ, ವಾರಪತ್ರಿಕೆಗಳ ಅಂಕಣಗಳಲ್ಲಿ, ವಿಜ್ಞಾನ ಪತ್ರಿಕೆಗಳ ಪುಟಗಳಲ್ಲಿ. 'ಗಣಕ', 'ತಂತ್ರಾಂಶ', 'ಯಂತ್ರಾಂಶ', 'ಅಂತರಜಾಲ' ಎಂಬ ಪದಗಳು ಜನರ ಬಾಯಿಗೆ ಬಂದದ್ದು ಅಲ್ಲಿಂದಲೇ. ಬಾಳದೆ ಹೋದ ಪದಗಳೂ ಬೇಕಾದಷ್ಟಿದ್ದವು. ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಯು.ಬಿ. ಪವನಜ 1996ರಲ್ಲಿ 'ವಿಶ್ವಕನ್ನಡ' ಎಂಬ ಕನ್ನಡದ ಮೊದಲ ಅಂತರಜಾಲ ಪತ್ರಿಕೆಯನ್ನು ತಂದರು. ಮುಂದೆ 'ಗಣಕಿಂಡಿ' ಅಂಕಣ ಬರೆದರು. ಟಿ.ಜಿ. ಶ್ರೀನಿಧಿ 2007ರಲ್ಲಿ 'ಇ-ಜ್ಞಾನ' ಜಾಲತಾಣ ಶುರುಮಾಡಿದರು. ಕನ್ನಡದಲ್ಲಿ ಕಂಪ್ಯೂಟರ್ ವಿಷಯ ಬರೆಯಲಾಗದು ಎನ್ನುವವರ ಬಾಯಿ ಮುಚ್ಚಿಸಲು ಈ ಕೆಲವೇ ಹೆಸರುಗಳು ಸಾಕು.

ಪಾಡು ವಿಚಿತ್ರವಾದದ್ದು ಹೇಗೆಂದರೆ, 1990ರ ದಶಕದಲ್ಲಿ ಕನ್ನಡದ ಪುಟಗಳು ಕಂಪ್ಯೂಟರಿನಲ್ಲಿ ಸಿದ್ಧವಾಗತೊಡಗಿದವು. ಕೆ.ಪಿ. ರಾವ್ ಅವರು ಕನ್ನಡದ ಕೀಲಿಮಣೆಯ ಜೋಡಣೆಯನ್ನು ರೂಪಿಸಿದ್ದರು. ಮುದ್ರಣಾಲಯಗಳಲ್ಲಿ ಶ್ರೀಲಿಪಿ, ಆಕೃತಿ, ಪ್ರಕಾಶಕ್ ಮೊದಲಾದ ತಂತ್ರಾಂಶಗಳು ಬಂದವು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು, ಸ್ವಲ್ಪ ಕಾಲದ ನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಕಾಗದದ ಮೇಲೆ ಅಕ್ಷರ ಚೆನ್ನಾಗಿಯೇ ಮೂಡಿತು. ಆದರೆ ಯಂತ್ರದ ಒಳಗೆ ಕನ್ನಡ ಇರಲಿಲ್ಲ! ಇಂಗ್ಲಿಷ್ ಮತ್ತು ಯುರೋಪಿನ ಭಾಷೆಗಳ ಅಕ್ಷರಗಳಿಗೆಂದು ಮೀಸಲಾದ 256 ಮನೆಗಳಲ್ಲಿ ಕನ್ನಡದ ಕೊಂಬು, ದೀರ್ಘ, ಒತ್ತು, ತಲೆಕಟ್ಟುಗಳನ್ನು ಬಾಡಿಗೆಗೆ ಕೂರಿಸಲಾಗಿತ್ತು. ಒಂದೊಂದು ತಂತ್ರಾಂಶದ್ದು ಒಂದೊಂದು ಏರ್ಪಾಡು. ಆಯಾ ಫಾಂಟ್ ಇದ್ದರೆ ಕಡತ ಕನ್ನಡವಾಗಿ ಕಾಣುತ್ತದೆ. ಇಲ್ಲದಿದ್ದರೆ? 'ನುಡಿ'ಯಲ್ಲಿ ಬರೆದ 'ಕನ್ನಡ' ಎಂಬ ಪದ ಹೀಗೆ ಕಾಣುತ್ತದೆ: ಇಂಗ್ಲಿಷಿನ ಒಂದು ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೊಂದು ಗೀಟಿನ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಒಂದು ಕ್ಯೂ, ಕೊನೆಗೆ ಇನ್ನೊಂದು ಗೀಟಿನ ಎ.

ಯೂನಿಕೋಡ್ ಎಂಬ ಜಾಗತಿಕ ಶಿಷ್ಟತೆಯಲ್ಲಿ ಕನ್ನಡಕ್ಕೆ ಸ್ಥಾನ ದೊರೆತದ್ದು 1991ರಲ್ಲೇ. ಅದರಲ್ಲಿ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ. 'ಕ' ಅಕ್ಷರದ್ದು 3221. ಯಾವ ಯಂತ್ರದಲ್ಲಿ ತೆರೆದರೂ ಅದು ಕನ್ನಡದ 'ಕ'ವೇ, ಬೇರೆ ಯಾವುದೂ ಅಲ್ಲ. ಆದರೆ ಸಾಮಾನ್ಯರ ಕಂಪ್ಯೂಟರಿಗೆ ಆ ಸೌಲಭ್ಯ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯ ಹೊತ್ತಿಗೆ, ಪತ್ರಿಕಾಲಯ, ಮುದ್ರಣಾಲಯಗಳು ಅದನ್ನು ಒಪ್ಪಿಕೊಂಡದ್ದು ಇನ್ನೂ ಎಷ್ಟೋ ವರ್ಷಗಳ ಮೇಲೆ. ಹಾಗಾಗಿ ಆ ನಡುವಿನ ಕಾಲದಲ್ಲಿ ಕಂಪ್ಯೂಟರ್ ಬಗ್ಗೆ, ಕಂಪ್ಯೂಟರಿನಲ್ಲೇ ಬರೆದ ಕನ್ನಡ ಲೇಖನಗಳ ಮೂಲ ಕಡತಗಳನ್ನು ಇಂದಿನ ಕಂಪ್ಯೂಟರು ಓದಲಾರದು. ಅಚ್ಚಾದ ಹಾಳೆ ಮಾತ್ರ ಅಂದಿನಂತೆಯೇ ಓದಿಸಿಕೊಳ್ಳುತ್ತದೆ. ಡಿಜಿಟಲ್ ಎಂದರೆ ಶಾಶ್ವತ ಎಂದು ಬರೆದ ಲೇಖನವೂ ಆ ರಾಶಿಯಲ್ಲಿ ಇದ್ದೀತು!

ಪರಿಹಾರ ಇಲ್ಲವೆಂದಲ್ಲ. ಹಳೆಯ ಸಂಕೇತವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ. ಆದರೆ ಕಡತ ಯಾವ ತಂತ್ರಾಂಶದ್ದೆಂದು ಮೊದಲು ಗೊತ್ತಿರಬೇಕು. ಒತ್ತಕ್ಷರ, ಅರ್ಕಾವತ್ತು ಬಂದಲ್ಲಿ ಪರಿವರ್ತಕಗಳು ಎಡವುತ್ತವೆ, ಒಬ್ಬರು ಕುಳಿತು ತಿದ್ದಬೇಕು. ಅಚ್ಚಾದ ಪುಟದ ಚಿತ್ರದಿಂದ ಕನ್ನಡ ಅಕ್ಷರ ತೆಗೆಯುವ ವಿದ್ಯೆಯೂ ಬೆಳೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಜಿ. ರಾಮಕೃಷ್ಣನ್ ಅವರ ತಂಡ 'ಲಿಪಿ ಜ್ಞಾನಿ' ಎಂಬ ತಂತ್ರಾಂಶವನ್ನು ಇದಕ್ಕಾಗಿಯೇ ರೂಪಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಸಹಯೋಗದಲ್ಲಿ ನಡೆದ 'ಸರ್ವೆಂಟ್ಸ್ ಆಫ್ ನಾಲೆಡ್ಜ್' ಸ್ಕ್ಯಾನಿಂಗ್ ಕೆಲಸದಿಂದ ಎಷ್ಟೋ ಕನ್ನಡ ಪುಸ್ತಕಗಳು ಇಂಟರ್‌ನೆಟ್ ಆರ್ಕೈವ್ ಸೇರಿವೆ. ಪುಟದ ಚಿತ್ರವೂ ಇದ್ದು, ಅದರ ಹಿಂದೆ ಹುಡುಕಬಲ್ಲ ಕನ್ನಡ ಅಕ್ಷರವೂ ಇದ್ದರೆ ಅಂಥ ಡಿಜಿಟಲ್ ಪ್ರತಿ ಕಾಗದಕ್ಕಿಂತ ಒಂದು ಕೈ ಮೇಲು ಎನ್ನಲು ಅಡ್ಡಿಯಿಲ್ಲ. ಬರೀ ಅಕ್ಷರ ಮಾತ್ರ ಎತ್ತಿ ಜಾಲತಾಣಕ್ಕೆ ಹಾಕಿ, ಪುಟ, ಚಿತ್ರ, ಜಾಹೀರಾತು, ಓದುಗರ ಓಲೆಗಳನ್ನು ಕೈಬಿಟ್ಟ ಪ್ರತಿ ಅರ್ಧ ಪ್ರತಿ.

ಓದುಗರ ಓಲೆಗಳನ್ನು ವಿಶೇಷವಾಗಿ ಹೇಳಬೇಕು. ಸಣ್ಣ ಊರಿನಿಂದ ಒಬ್ಬ ಬರೆಯುತ್ತಾನೆ: ವಿದ್ಯುತ್ ಪದೇ ಪದೇ ಹೋಗುತ್ತದೆ, ಯುಪಿಎಸ್ ಕೊಳ್ಳದೆ ನಡೆಯುತ್ತದೆಯೇ? ಇನ್ನೊಬ್ಬನಿಗೆ ಯಾವ ಕೋರ್ಸು ಸೇರಿದರೆ ಕೆಲಸ ಸಿಕ್ಕೀತು ಎಂಬ ಚಿಂತೆ. ಇಂಥ ಪ್ರಶ್ನೆಗಳೇ ಆ ಪುಟವನ್ನು ತುಂಬುತ್ತಿದ್ದವು. ಗಣಿ ಮುಚ್ಚಿದ ಊರೊಂದರಲ್ಲಿ ಆ ಎರಡನೆಯ ಪ್ರಶ್ನೆಯ ತೂಕ ಎಷ್ಟೆಂದು ಇಲ್ಲಿನ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ತಂದೆ ಲಿಫ್ಟಿನಲ್ಲಿ ಕೆಳಗಿಳಿದ, ಮಗ ರೈಲಿನಲ್ಲಿ ಬೆಂಗಳೂರಿಗೆ ಹೋದ. ಆ ಎರಡರ ನಡುವಿನ ಕೆಲವು ವರ್ಷಗಳಲ್ಲಿ ಹುಡುಗರು ಏನನ್ನು ಓದಿ, ಏನನ್ನು ನಂಬಿ ದಾರಿ ಬದಲಿಸಿದರು ಎಂಬುದು ಮುಂದೆ ಯಾರಾದರೂ ಬರೆಯಬೇಕಾದ ಚರಿತ್ರೆ. ಅದರ ಆಕರಗಳು ಸರಕಾರಿ ಕಡತದಲ್ಲಿ ಸಿಗುವಂಥವಲ್ಲ.

ಆದರೆ ಈ ಸಂಚಿಕೆಗಳನ್ನು ಉಳಿಸುವವರು ಯಾರು? ಹೊಣೆ ಪ್ರಕಾಶಕರದು ಎನ್ನಬಹುದು. ಪತ್ರಿಕೆ ನಿಂತ ಮೇಲೆ, ಕಂಪೆನಿ ಕೈ ಬದಲಾದ ಮೇಲೆ ಹಳೆಯ ಸಂಚಿಕೆ ಯಾರಿಗೂ ಬೇಡದ ಕೂಸು. ಬೇರೆಯವರು ಸ್ಕ್ಯಾನ್ ಮಾಡಿ ಹಂಚಲು ಕಾನೂನು ಅಡ್ಡ. ಭಾರತದ ಕಾಯಿದೆಯಲ್ಲಿ ಲೇಖಕ ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. 1990ರ ದಶಕದ ಲೇಖನ ಎಲ್ಲರ ಸೊತ್ತಾಗುವ ಹೊತ್ತಿಗೆ ಅದನ್ನು ಅಚ್ಚಿಸಿದ ಕಾಗದ ಉಳಿದಿರಬೇಕಲ್ಲ! ಈ ವಿಷಯದಲ್ಲಿ 'ಓಪನ್ ಸೋರ್ಸ್ ಫಾರ್ ಯು' ಪತ್ರಿಕೆ ತನ್ನ ಬರಹಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟದ್ದು ದೊಡ್ಡ ಮನಸ್ಸು. ಎಲ್ಲವೂ ಇಂಟರ್‌ನೆಟ್ ಆರ್ಕೈವ್‌ನಲ್ಲಿದೆ, ಚಿಂತೆಯಿಲ್ಲ ಎನ್ನುವವರು 2024ರ ಅಕ್ಟೋಬರ್ ತಿಂಗಳನ್ನು ನೆನೆಯಬೇಕು. ಸೈಬರ್ ದಾಳಿಗೆ ಸಿಕ್ಕಿ ಆ ತಾಣ ಕೆಲವು ದಿನ ಬಾಗಿಲು ಹಾಕಿತ್ತು. ಪ್ರಪಂಚದ ಹಳೆಯ ಪತ್ರಿಕೆಗಳಿಗೆಲ್ಲ ಒಂದೇ ಬೀಗ, ಒಂದೇ ಕೀಲಿ ಎಂಬ ಸ್ಥಿತಿ ಒಳ್ಳೆಯದಲ್ಲ. ಕರ್ನಾಟಕದ ಗ್ರಂಥಾಲಯ ಇಲಾಖೆ 2020ರಲ್ಲಿ ಡಿಜಿಟಲ್ ಗ್ರಂಥಾಲಯ ಆರಂಭಿಸಿತು. ಅಂಥ ಕಡೆಯೂ ಕನ್ನಡದ ಹಳೆಯ ವಿಜ್ಞಾನ, ಕಂಪ್ಯೂಟರ್ ಬರಹಗಳಿಗೆ ಒಂದು ಮೂಲೆ ಇರಬೇಕೆಂದು ಕೇಳುವುದು ಅತಿಯಾಸೆಯಲ್ಲ.

ಅಲ್ಲಿಯವರೆಗೆ ಆ ಪತ್ರಿಕೆಗಳು ಇರುವುದು ಮನೆಗಳ ಅಟ್ಟದಲ್ಲಿ, ಮಂಚದ ಕೆಳಗೆ. ಹಬ್ಬಕ್ಕೆ ಮನೆ ಗುಡಿಸುವಾಗ ಅವು ಕೆ.ಜಿ. ಲೆಕ್ಕದಲ್ಲಿ ಗುಜರಿಗೆ ಹೋಗುತ್ತವೆ. ಕಾಗದಕ್ಕಾದರೂ ಬೆಲೆಯುಂಟು, ಒಳಗಿನ ಸಿ.ಡಿ.ಯನ್ನು ಗುಜರಿಯವನೂ ಎಸೆಯುತ್ತಾನೆ. ಯಾರ ಮನೆಯಲ್ಲಾದರೂ ಅಂಥ ಕಟ್ಟು ಇದ್ದರೆ ಮೊದಲು ಸಿ.ಡಿ.ಯನ್ನು ನಕಲು ಮಾಡಿಸಿ. ಅದನ್ನು ಓದುವ ಡ್ರೈವ್ ಹೊಸ ಲ್ಯಾಪ್‌ಟಾಪುಗಳಲ್ಲಿ ಬರುವುದಿಲ್ಲ, ಹಳೆಯ ಯಂತ್ರವಿಟ್ಟುಕೊಂಡ ರಿಪೇರಿ ಅಂಗಡಿಯವರಲ್ಲಿ ಕೇಳಬೇಕಾದೀತು. ಜಾಹೀರಾತಿನ ಹಾಳೆ ಹರಿದು ಬಿಸಾಡಬೇಡಿ. ಹಳೆಯ ಕನ್ನಡ ಕಡತಗಳಿದ್ದರೆ ಅವು ಬರಹದ್ದೋ, ನುಡಿಯದೋ, ಶ್ರೀಲಿಪಿಯದೋ ಎಂದು ಚೀಟಿ ಬರೆದಿಡಿ. ಯಾವ ಸಂಚಿಕೆ, ಯಾವ ತಿಂಗಳು ಎಂದು ಒಂದು ಪಟ್ಟಿ ಮಾಡಿ. ಅಟ್ಟದಲ್ಲಿ ಕಂಪ್ಯೂಟರ್ ಪತ್ರಿಕೆಯ ಪಕ್ಕದಲ್ಲೇ ಅಜ್ಜನ ಕಾಲದ ಗಣಿಯ ಬುಲೆಟಿನ್ ಸಿಕ್ಕಿದರೆ ಅದನ್ನೂ ಪಟ್ಟಿಗೆ ಸೇರಿಸಿ, ಊರಿನ ಹೆಸರನ್ನು ಮಾತ್ರ ಎರಡೂ ರೀತಿಯಲ್ಲಿ ಬರೆಯಿರಿ: ನಂದಿದುರ್ಗ, ನಂಡಿಡ್ರೂಗ್.